ಕೊಡಲಿ ಬೀಸಿದವರು ಯಾರು?

ಕಾಮಿಕ್ಸ್‌ನಲ್ಲಿ ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಗೆ ಗಟರ್ ಅಂತಾರೆ. ನಮ್ಮೂರ ಕಡೆಯವರಿಗೆ ಆ ಶಬ್ದ ಕೇಳಿದ್ರೆ ನೆನಪಾಗೋದು ಗಟಾರ. ಆದ್ರೆ ಇಲ್ಲಿ ಕಥೆ ಹರಿಯೋದೇ ಅದರಲ್ಲಿ. ಒಂದು ಚೌಕದಲ್ಲಿ ಎತ್ತಿದ ಕೊಡಲಿ, ಮುಂದಿನದರಲ್ಲಿ ಬರೀ ಚೀರಾಟ. ಏಟು ಹಾಕಿದವರು ಯಾರು? ಓದುಗರೇ, ಅಂತ ಸ್ಕಾಟ್ ಮೆಕ್‌ಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್‌’ನಲ್ಲಿ ತೋರಿಸಿದ್ರು.

2000ದಲ್ಲಿ ಅವರೇ ಇನ್ನೊಂದು ಮಾತು ಹೇಳಿದ್ರು: ಕಂಪ್ಯೂಟರ್ ಪರದೆಯನ್ನು ಪುಟ ಅಂದ್ಕೋಬೇಡಿ, ಕೊನೆಯಿಲ್ಲದ ಕ್ಯಾನ್ವಾಸಿಗೆ ತೆರೆದ ಕಿಟಕಿ ಅಂದ್ಕೊಳ್ಳಿ. ಕೊರಿಯಾದ ವೆಬ್‌ಟೂನ್‌ಗಳಲ್ಲಿ ಕಥೆ ಹೆಬ್ಬೆರಳ ಜೊತೆ ಕೆಳಗಿಳಿಯುತ್ತೆ. ಎರಡು ಚಿತ್ರಗಳ ನಡುವೆ ಇಡೀ ಪರದೆಯಷ್ಟು ಬಿಳಿ ಜಾಗ ಬಿಟ್ರೆ ಅದೇ ಮೌನ. ಇಡೀ ಪುಟವನ್ನು ಒಂದೇ ನೋಟಕ್ಕೆ ಕಾಣೋ ಸುಖ ಹೋಯ್ತು, ನಿಜ. ಗಟರ್ ಮಾತ್ರ ನಮ್ಮ ಕೈಯಲ್ಲೇ ಉಳೀತು.

ನನ್ನ ತಕರಾರು ಅದರ ಮುಂದಿನ ಹೆಜ್ಜೆ ಬಗ್ಗೆ. ಕೆಲವು ಕಾಮಿಕ್ಸ್‌ನಲ್ಲಿ ಈಗ ಚಿತ್ರ ಅಲುಗುತ್ತೆ, ಸದ್ದು ಬರುತ್ತೆ, ಚೌಕ ತಾನೇ ಸರಿಯುತ್ತೆ. ಬಳಸೋರಿಗೆ ತ್ರಾಸು ಕಮ್ಮಿ ಮಾಡೋದೇ ನಮ್ಮಂಥ ಎಂಜಿನಿಯರ್‌ಗಳ ಕಸುಬು. ಆದ್ರೆ ಕೊಡಲಿಯನ್ನೂ ಆ್ಯಪೇ ಬೀಸಿದ್ರೆ, ಆ ಏಟಿನಲ್ಲಿ ನಮಗೆ ಪಾಲೂ ಇಲ್ಲ, ಹೊಣೆಯೂ ಇಲ್ಲ. ನಾಜಿ ಶಿಬಿರಗಳ ಕಥೆ ಹೇಳುವ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’ ಓದುವಾಗ ತಡೆದು ನಿಲ್ಲಬೇಕು ಅನ್ನಿಸುತ್ತೆ. ಎಷ್ಟು ಹೊತ್ತು ಅನ್ನೋದನ್ನು ಇನ್ನೊಬ್ಬರು ಬರೆದ ಕೋಡ್ ತೀರ್ಮಾನಿಸಬಾರದು.

ಎಲ್ಲ ತ್ರಾಸೂ ಬಗ್ ಅಲ್ಲ. ಕೆಲವನ್ನು ಓದುಗರಿಗೇ ಬಿಡೋದು ಅವರಿಗೆ ಕೊಡೋ ಮರ್ಯಾದೆ.