“ದೇವರಿದ್ದಾನೆ, ಹೋಗೋಣ”



ಗಂಗಾವತಿಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಹುಲಿಹೈದರಕ್ಕೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಮೇ ತಿಂಗಳ ಸಂಜೆ, ಅಡ್ಡಮಳೆಯ ಕಾಲ. ಕನಕಗಿರಿ ತಲುಪುವಷ್ಟರಲ್ಲಿ ಮೋಡ ಕಟ್ಟಿ, ಧೂಳೆದ್ದು, ದಪ್ಪ ಹನಿಗಳು ಬೀಳತೊಡಗಿವೆ. ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತಿದೆ. ಈಗ ಹೆಲ್ಮೆಟ್ಟಿನ ಗಾಜಿನಾಚೆ ಎದುರಿನ ಲಾರಿಯೂ ಕಾಣದು. ಅಷ್ಟರಲ್ಲಿ ಮನೆಯಾಕೆಯ ಫೋನು: “ಎಲ್ಲಿದ್ದೀರಿ? ಲಗೂ ಬರ್ರಿ, ಹುಡುಗ್ರು ಉಣ್ಣದ ಕುಂತಾವ.” ನೀವು ಶಿಲುಬೆಯ ಗುರುತು ಹಾಕಿಕೊಂಡು, “ದೇವರಿದ್ದಾನೆ, ಹೋಗೋಣ” ಎಂದು ಗಾಡಿ ಚಾಲೂ ಮಾಡುತ್ತೀರಿ.

ಇದು ವಿಶ್ವಾಸವೇ?

ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಧುಮುಕಲು ಹೇಳಿದಾಗ, ದೂತರು ಕಾಪಾಡುವರೆಂಬ ಕೀರ್ತನೆಯ ಮಾತನ್ನೇ ಆಧಾರವಾಗಿ ತಂದನು. ಸ್ವಾಮಿ ಆ ಮಾತನ್ನು ಅಲ್ಲಗಳೆಯಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಬಾರದೆಂದು ಹೇಳಿ, ಧುಮುಕದೆ ನಿಂತರು.

ಸಿಡಿಲಿನ ವಿಷಯ ಗೊತ್ತಿರಲಿ. ಬೈಕಿನ ರಬ್ಬರ್ ಟೈರು ಸಿಡಿಲಿನಿಂದ ಕಾಯುತ್ತದೆಂದು ನಂಬಿದವರು ಬಹಳ, ಅದು ತಪ್ಪು. ಮುಚ್ಚಿದ ಕಾರಿನಲ್ಲಿದ್ದವರನ್ನು ಕಾಯುವುದು ಅದರ ಲೋಹದ ಮೈ, ಟೈರಲ್ಲ. ಬೈಕಿನವನಿಗೆ ಆ ಮೈಯೂ ಇಲ್ಲ. ಬಯಲಿನ ಎರೆ ಹೊಲಗಳ ನಡುವೆ ಅವನೇ ಎತ್ತರ. ಒಂಟಿ ಬೇವಿನ ಮರದಡಿ ನಿಲ್ಲುವುದೂ ಅಪಾಯವೇ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೇ ಇದೆ ಎಂದು ತಿಳಿದು ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಬೇಕು. ಕೊನೆಯ ಗುಡುಗಿನ ನಂತರವೂ 30 ನಿಮಿಷ ಕಾಯಬೇಕು. ಮಳೆಯ ಮೊದಲ ಹನಿಗಳಿಗೆ ರಸ್ತೆಯ ಧೂಳು, ಎಣ್ಣೆ ಕಲೆತು ಜಾರುವುದು ನಿಮಗೇ ಗೊತ್ತು.

ಬೀಗದ ಕೈಗೆ ಸಂತ ಕ್ರಿಸ್ಟೋಫರರ ಪದಕ ತೂಗಿಸಿಕೊಂಡವರಿದ್ದಾರೆ. 1969ರಲ್ಲಿ ಅವರ ಹಬ್ಬವನ್ನು ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ತೆಗೆದಾಗ, ಅವರು ಸಂತರೇ ಅಲ್ಲವಂತೆ ಎಂಬ ಗುಲ್ಲೆದ್ದಿತು. ಅದು ನಿಜವಲ್ಲ. ಪದಕ ಇರಲಿ. ಆದರೆ ಜನರನ್ನು ಹೊಳೆ ದಾಟಿಸುತ್ತಿದ್ದ ಆ ಸಂತರ ಚಿತ್ರವನ್ನೊಮ್ಮೆ ನೋಡಿ: ಕೈಯಲ್ಲಿ ಊರುಗೋಲಿದೆ. ರಸ್ತೆಯ ಮೇಲೆ ಹಳ್ಳ ಹರಿಯುವಾಗ ಆಳ ನೋಡದೆ ಗಾಡಿ ಇಳಿಸುವ ನಮಗೆ ಅಷ್ಟೂ ವ್ಯವಧಾನವಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಮನೆಯಲ್ಲಿ ಕೂಡಿ ಓದಿ. ಸಮುದ್ರಯಾನಕ್ಕೆ ಕಾಲ ಮೀರಿದೆ ಎಂದು ಸಂತ ಪೌಲರು ಎಚ್ಚರಿಸಿದರು. ಶತಾಧಿಪತಿ ಕೇಳಲಿಲ್ಲ. ಹಡಗಿನಲ್ಲಿ 276 ಮಂದಿ. ಬಿರುಗಾಳಿಯ ನಡುವೆ ದೇವದೂತನು ಪೌಲರಿಗೆ ಕಾಣಿಸಿ, ಅವರೆಲ್ಲರ ಜೀವ ಉಳಿಯುವುದೆಂದು ತಿಳಿಸಿದನು. ಇಂಥ ಭರವಸೆ ಸಿಕ್ಕಿದ ಮೇಲೆ ನಾವಾದರೆ ಕೈಕಟ್ಟಿ ಕೂರುತ್ತಿದ್ದೆವು. ಪೌಲರೋ, ನಾವಿಕರು ಗುಟ್ಟಾಗಿ ದೋಣಿ ಇಳಿಸಿ ಓಡಿಹೋಗಲು ನೋಡಿದಾಗ, ಅವರು ಹಡಗಿನಲ್ಲಿರದಿದ್ದರೆ ಯಾರೂ ಉಳಿಯಲಾರರು ಎಂದು ಶತಾಧಿಪತಿಗೆ ಹೇಳಿದರು. ಎಲ್ಲರನ್ನೂ ಒತ್ತಾಯಿಸಿ ಊಟ ಮಾಡಿಸಿದರು. ದೇವರ ವಾಗ್ದಾನವೂ ನಾವಿಕರ ಕೈಕೆಲಸವೂ ಅವರಿಗೆ ಬೇರೆಬೇರೆಯಾಗಿರಲಿಲ್ಲ.

ಮಾಲ್ಟಾ ದಡ ಸೇರಿದಾಗ, ಗುರುತಿಲ್ಲದ ಜನರು ಮಳೆ ಚಳಿಗೆ ಬೆಂಕಿ ಹಾಕಿ ಅವರನ್ನು ಬರಮಾಡಿಕೊಂಡರು. ನಮ್ಮ ದಾರಿಯಲ್ಲೂ ಇಂಥವರಿದ್ದಾರೆ. “ಒಳಗ ಬರ್ರಿ, ಮಳಿ ನಿಂತ ಮ್ಯಾಲ ಹೋಗೀರಂತ” ಎಂದು ಪಡಸಾಲೆಗೆ ಕರೆಯುವವರು ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದಿಲ್ಲ. ಆದರೂ ಬೇರೆಯವರ ಮನೆ ಮುಂದೆ ನಿಲ್ಲಲು ನಮಗೆ ಸಂಕೋಚ. ಮಳೆಗೆ ಹೆದರಿದನೆಂದು ಯಾರಾದರೂ ನಕ್ಕಾರೆಂಬ ಅಂಜಿಕೆ ಬೇರೆ. ‘ದೇವರಿದ್ದಾನೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಅಡಗಿರುವುದು ಈ ಬಿಗುಮಾನವೇ ಎಂದು ನನಗೆ ತೋರುತ್ತದೆ.

ತಪ್ಪು ಬೈಕಿನವನದು ಮಾತ್ರವೇ? ತಾಯಂದಿರೇ, ಅಕ್ಕಂದಿರೇ, ಕಾಯುವ ಸಂಕಟ ನಿಮಗೇ ಹೆಚ್ಚು. ಆದರೆ ನಿಮ್ಮ “ಲಗೂ ಬರ್ರಿ” ಎಂಬ ಪ್ರೀತಿಯ ಮಾತು ಅವನ ಕೈಯಲ್ಲಿ ಎಕ್ಸಿಲೇಟರ್ ಆಗುತ್ತದೆ. ತಡವಾದರೆ ಮುಖ ಗಂಟಿಕ್ಕುವ ಮನೆಗೆ ಯಾರೂ ನಿಧಾನವಾಗಿ ಬರಲಾರರು. ಮುಂದಿನ ಸಲ ಮೋಡ ಕಟ್ಟಿದಾಗ ನೀವೇ ಮೊದಲು ಫೋನು ಮಾಡಿ. “ಅಲ್ಲೇ ಎಲ್ಲ್ಯರ ನಿಲ್ರಿ. ಹುಡುಗ್ರಿಗೆ ಉಣ್ಣಾಕ ಹಾಕೇನಿ. ನಿಮ್ಮ ರೊಟ್ಟಿ ಮುಚ್ಚಿಟ್ಟಿರತೀನಿ.”