ಅರಸನ ಚೂರಿಯೂ ದೇವರ ಸುರುಳಿಯೂ

(ಯೆರೆಮೀಯ ೩೬ನೆಯ ಅಧ್ಯಾಯ)



ಪಾಪಮಾಡುವದು ಒಂದು, ಪಾಪವನ್ನು ತೋರಿಸಿಕೊಟ್ಟಾಗ ತಿರುಗಿಕೊಳ್ಳುವದಿಲ್ಲವೆಂದು ಹಟಹಿಡಿಯುವದು ಮತ್ತೊಂದು. ಮೊದಲನೆಯದಕ್ಕೆ ಸತ್ಯವೇದದಲ್ಲಿ ಮದ್ದು ಉಂಟು. ಎರಡನೆಯದು ಆ ಮದ್ದನ್ನೇ ನೆಲಕ್ಕೆ ಚೆಲ್ಲುವ ರೋಗವಾಗಿದೆ. ದಾವೀದನು ಘೋರವಾದ ಪಾಪವನ್ನು ಮಾಡಿದನು. ಆದರೂ ಪ್ರವಾದಿಯಾದ ನಾತಾನನು ಬಂದು ಅದನ್ನು ಎತ್ತಿ ತೋರಿಸಿದಾಗ ತಲೆಬಾಗಿ ಒಪ್ಪಿಕೊಂಡನು, ಕ್ಷಮೆಯನ್ನು ಹೊಂದಿದನು. ಅದೇ ದಾವೀದನ ವಂಶದಲ್ಲಿ ಹುಟ್ಟಿದ ಯೆಹೋಯಾಕೀಮನೆಂಬ ಅರಸನು ತಲೆಬಾಗದೆ ಹೋದನು. ಅವನ ಸಂಗತಿಯನ್ನು ಈ ತಿಂಗಳು ಧ್ಯಾನಿಸೋಣ. ಮನೆಯಲ್ಲಿ ಓದಬಲ್ಲವರು ಈ ಅಧ್ಯಾಯವನ್ನು ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಓದಲು ಬಾರದವರಿಗೆ ಓದಿಹೇಳಲಿ.

ಕ್ರಿಸ್ತಪೂರ್ವ ೬೦೫ನೆಯ ವರ್ಷದಲ್ಲಿ ಬಾಬೆಲಿನ ನೆಬೂಕದ್ನೆಚ್ಚರನು ಕರ್ಕೆಮೀಷೆಂಬ ಸ್ಥಳದಲ್ಲಿ ಐಗುಪ್ತದ ಸೈನ್ಯವನ್ನು ಮುರಿದನು. ಯೆಹೋಯಾಕೀಮನನ್ನು ಸಿಂಹಾಸನದ ಮೇಲೆ ಕೂರಿಸಿದವನು ಐಗುಪ್ತದ ಫರೋಹನೇ; ಆ ಆಸರೆಯು ಹೀಗೆ ಮುರಿದುಹೋಯಿತು. ಆ ಕಾಲದಲ್ಲಿಯೇ ದೇವರು ಯೆರೆಮೀಯನಿಗೆ, ಅವನು ಇಪ್ಪತ್ತುಮೂರು ವರ್ಷಗಳಿಂದ ಬಾಯಿಂದ ಸಾರುತ್ತಾ ಬಂದ ಮಾತುಗಳನ್ನೆಲ್ಲಾ ಒಂದು ಸುರುಳಿಯಲ್ಲಿ ಬರೆಯಿಸಬೇಕೆಂದು ಅಪ್ಪಣೆಕೊಟ್ಟನು. ಪ್ರವಾದಿಯು ಹೇಳಿದ್ದನ್ನು ಬಾರೂಕನು ಮಸಿಯಿಂದ ಬರೆದನು. ಇದನ್ನು ಬರೆಯಿಸಿದ್ದು ಜನರನ್ನು ಹೆದರಿಸುವದಕ್ಕೋ? ಅಲ್ಲ. ಬರಲಿರುವ ಕೇಡನ್ನು ಕೇಳಿಯಾದರೂ ಒಬ್ಬೊಬ್ಬನು ತನ್ನ ಕೆಟ್ಟ ದಾರಿಯನ್ನು ಬಿಟ್ಟಾನು, ಆಗ ಅವರ ಅಪರಾಧವನ್ನು ಕ್ಷಮಿಸಬಹುದು ಎಂಬದೇ ದೇವರ ಮನಸ್ಸಾಗಿತ್ತೆಂದು ಮೂರನೆಯ ವಚನವು ತಿಳಿಸುತ್ತದೆ. ಇದನ್ನು ನಾವು ಮರೆಯಬಾರದು. ಆ ಸುರುಳಿಯ ಹೊರಭಾಗದಲ್ಲಿ ಗದರಿಕೆ ಇತ್ತು. ಅದರ ಒಳಗೆ ಕರುಣೆ ಇತ್ತು.

ಮರುವರುಷ ಒಂಬತ್ತನೆಯ ತಿಂಗಳಲ್ಲಿ, ಚಳಿಗಾಲದಲ್ಲಿ, ಯೆರೂಸಲೇಮಿನಲ್ಲಿ ಉಪವಾಸವನ್ನು ಸಾರಿದರು. ಆ ದಿವಸ ಸುರುಳಿಯು ಮೂರು ಸಾರಿ ಓದಲ್ಪಟ್ಟಿತು. ಮೊದಲು ದೇವಾಲಯದಲ್ಲಿ, ಶಾಫಾನನ ಮಗನಾದ ಗೆಮರ್ಯನ ಕೋಣೆಯಿಂದ, ಕೂಡಿಬಂದ ಜನರಿಗೆಲ್ಲಾ ಬಾರೂಕನು ಓದಿದನು. ಅದನ್ನು ಕೇಳಿದ ಗೆಮರ್ಯನ ಮಗನು ಹೋಗಿ ಪ್ರಧಾನರಿಗೆ ತಿಳಿಸಿದ್ದರಿಂದ ಎರಡನೆಯ ಸಾರಿ ಅವರ ಮುಂದೆ ಓದಲಾಯಿತು. ಅವರು ಹೆದರಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಬಾರೂಕನೂ ಯೆರೆಮೀಯನೂ ಅಡಗಿಕೊಳ್ಳಲೆಂದು ಬುದ್ಧಿಹೇಳಿ, ಅರಸನ ಬಳಿಗೆ ಹೋದರು. ಮೂರನೆಯ ಸಾರಿ ಅರಸನ ಮುಂದೆ ಯೆಹೂದಿ ಎಂಬವನು ಓದಿದನು.

ಅರಸನು ಚಳಿಗಾಲದ ಮನೆಯಲ್ಲಿ ಕೂತಿದ್ದನು. ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಅವನು ಕೂಗಾಡಿದನೆಂದು ಬರೆದಿಲ್ಲ, ವಾದಿಸಿದನೆಂದೂ ಬರೆದಿಲ್ಲ. ಯೆಹೂದಿಯು ಮೂರು ನಾಲ್ಕು ಭಾಗಗಳನ್ನು ಓದಿ ಮುಗಿಸಿದ ಹಾಗೆಲ್ಲಾ ಅರಸನು ಅಷ್ಟನ್ನು ಲೇಖಕನ ಚೂರಿಯಿಂದ ಕತ್ತರಿಸಿ ಬೆಂಕಿಯಲ್ಲಿ ಹಾಕಿದನು. ಹೀಗೆ ಕಡೆಯ ವರೆಗೂ ಮಾಡಿದನು. ಎಲ್ನಾಥಾನ, ದೆಲಾಯ, ಗೆಮರ್ಯ ಎಂಬ ಮೂವರು ಸುಡಬೇಡವೆಂದು ಬೇಡಿಕೊಂಡರು, ಅವನು ಕಿವಿಗೊಡಲಿಲ್ಲ. ಅವನಾಗಲಿ ಅವನ ಸೇವಕರಾಗಲಿ ಹೆದರಲೂ ಇಲ್ಲ, ಬಟ್ಟೆ ಹರಿದುಕೊಳ್ಳಲೂ ಇಲ್ಲ.

ಬಟ್ಟೆಯ ಮಾತು ಇಲ್ಲಿ ಯಾಕೆ ಬಂತು? ೨ ಅರಸುಗಳು ೨೨ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸುಮಾರು ಹದಿನೆಂಟು ವರ್ಷಗಳ ಹಿಂದೆ, ಕ್ರಿಸ್ತಪೂರ್ವ ೬೨೨ರಲ್ಲಿ, ಇದೇ ಅರಸನ ತಂದೆಯಾದ ಯೋಷೀಯನ ಮುಂದೆ ದೇವಾಲಯದಲ್ಲಿ ಸಿಕ್ಕಿದ ಧರ್ಮಶಾಸ್ತ್ರದ ಗ್ರಂಥವನ್ನು ಓದಿದ್ದರು. ಓದಿದವನು ಲೇಖಕನಾದ ಶಾಫಾನನು. ಅದನ್ನು ಕೇಳಿದ ಕೂಡಲೇ ಯೋಷೀಯನು ತನ್ನ ಬಟ್ಟೆಗಳನ್ನು ಹರಿದುಕೊಂಡನು. ಇಬ್ರಿಯ ಭಾಷೆಯಲ್ಲಿ ತಂದೆ ಬಟ್ಟೆಯನ್ನು ಹರಿದದ್ದಕ್ಕೂ ಮಗನು ಸುರುಳಿಯನ್ನು ಕತ್ತರಿಸಿದ್ದಕ್ಕೂ ಒಂದೇ ಶಬ್ದವನ್ನು ಬರೆದಿದೆ. ದೇವರ ವಾಕ್ಯವು ಮನೆಗೆ ಬಂದಾಗ ಒಂದಲ್ಲದಿದ್ದರೆ ಮತ್ತೊಂದು ಹರಿಯಲೇಬೇಕು. ನಮ್ಮ ಗರ್ವವು ಹರಿಯದಿದ್ದರೆ ನಾವು ವಾಕ್ಯವನ್ನೇ ಹರಿಯುವೆವು.

ಲೆಕ್ಕಹಾಕಿ ನೋಡಿದರೆ, ಯೋಷೀಯನು ಬಟ್ಟೆ ಹರಿದುಕೊಂಡಾಗ ಯೆಹೋಯಾಕೀಮನು ಸುಮಾರು ಹನ್ನೆರಡು ವರ್ಷದ ಹುಡುಗನು. ವಿಗ್ರಹಗಳನ್ನು ತೆಗೆದುಹಾಕಿಸಿದ್ದನ್ನೂ ಪಸ್ಕಹಬ್ಬವನ್ನು ಆಚರಿಸಿದ್ದನ್ನೂ ಆ ಹುಡುಗನು ಅರಿಯದೆ ಇದ್ದಿರಲಾರನು. ಆದರೂ ತಂದೆಯ ಭಕ್ತಿಯು ರಕ್ತದ ಸಂಗಡ ಮಗನಿಗೆ ಇಳಿದು ಬರಲಿಲ್ಲ. ಓದುಗರೇ, ಇದು ನಮಗೆ ಹತ್ತಿರದ ಮಾತಲ್ಲವೋ? ನಮ್ಮಲ್ಲಿ ಅನೇಕರ ಅಜ್ಜಂದಿರು ಬಂಧುಗಳ ನಿಂದೆಯನ್ನು ಸಹಿಸಿ, ಊರಿನ ಬಾವಿಯನ್ನೂ ಕುಲದ ಸಂಬಂಧವನ್ನೂ ಕಳಕೊಂಡು ಕರ್ತನನ್ನು ಹಿಂಬಾಲಿಸಿದರು. ಸಭೆಯ ಪುಸ್ತಕದಲ್ಲಿ ಅವರ ಹೆಸರಿನ ಕೆಳಗೆ ನಮ್ಮ ಹೆಸರೂ ಉಂಟು. ಹೊಲವು ತಂದೆಯಿಂದ ಮಗನಿಗೆ ಬರುತ್ತದೆ, ಮನೆ ಬರುತ್ತದೆ, ಸಾಲವೂ ಬರುತ್ತದೆ; ಮಾನಸಾಂತರವು ಮಾತ್ರ ಹಾಗೆ ಬರುವದಿಲ್ಲ. ಅದನ್ನು ಒಬ್ಬೊಬ್ಬನು ತಾನೇ ಮೊಣಕಾಲೂರಿ ಹೊಂದಬೇಕು.

ನಾವು ಸತ್ಯವೇದವನ್ನು ಬೆಂಕಿಗೆ ಹಾಕಿಲ್ಲವಲ್ಲಾ ಎಂದು ಯಾವನಾದರೂ ಹೇಳಾನು. ನಿಜವೇ, ಅದನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದೇವೆ. ಆದರೆ ಅರಸನು ಸುರುಳಿಯನ್ನು ಒಂದೇ ಸಾರಿ ಎಸೆಯಲಿಲ್ಲ, ಕೇಳುತ್ತಾ ಕೇಳುತ್ತಾ ತುಂಡುತುಂಡಾಗಿ ಕತ್ತರಿಸಿದನೆಂಬದನ್ನು ಗಮನಿಸಿರಿ. ಕಠಿಣ ಹೃದಯದ ಕೆಲಸವು ಹೀಗೆಯೇ ನಡೆಯುತ್ತದೆ. ಪರಲೋಕದ ಮಾತು ಬಂದಾಗ ಕಿವಿಗೊಡುತ್ತೇವೆ. ಸಹೋದರನ ಸಂಗಡ ಸಮಾಧಾನವಾಗಬೇಕೆಂಬ ಮಾತು ಬಂದಾಗ ಹೊಲದ ಬದುವಿನ ಜಗಳವು ನೆನಪಾಗುತ್ತದೆ. ಆ ಭಾಗವನ್ನು ಕತ್ತರಿಸುತ್ತೇವೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂಬ ಮಾತು ಬಂದಾಗ, ಮಗಳ ಮದುವೆಗೆ ಹಿಂದಿನ ಜಾತಿಯನ್ನು ಹುಡುಕಿದ್ದು ನೆನಪಾಗುತ್ತದೆ. ಆ ಭಾಗವನ್ನೂ ಕತ್ತರಿಸುತ್ತೇವೆ. ಕುಡಿತದ ಮಾತು ಬಂದರೆ ಅದು ಪಕ್ಕದ ಮನೆಯವನಿಗೆ ಹೇಳಿದ್ದೆನ್ನುತ್ತೇವೆ. ಕಡೆಗೆ ಕೈಯಲ್ಲಿ ಉಳಿಯುವದೇನು? ನಮಗೆ ಬೇಕಾದ ಎರಡು ಮೂರು ಸಿಹಿಮಾತುಗಳು ಮಾತ್ರವೇ. ಅವುಗಳಿಂದ ಯಾರೂ ರಕ್ಷಣೆ ಹೊಂದುವದಿಲ್ಲ.

ಅರಸನಿಗೂ ಮುಚ್ಚಿಕೊಳ್ಳಬೇಕಾದ ಸಂಗತಿ ಒಂದಿತ್ತು. ಇದೇ ಪ್ರವಾದನೆಯ ೨೨ನೆಯ ಅಧ್ಯಾಯವು ಅದನ್ನು ಬಯಲಿಗೆ ತರುತ್ತದೆ. ಅವನು ವಿಶಾಲವಾದ ಮಾಳಿಗೆಗಳುಳ್ಳ ಮನೆಯನ್ನು ಕಟ್ಟಿಸಿ, ದೇವದಾರಿನ ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿದನು. ದುಡಿದವರಿಗೆ ಕೂಲಿಯನ್ನು ಕೊಡಲಿಲ್ಲ. ಅವನ ತಂದೆಯಾದರೋ ತಿಂದು ಕುಡಿದು ಸುಖವಾಗಿದ್ದರೂ ಬಡವನ ನ್ಯಾಯವನ್ನು ವಿಚಾರಿಸಿದನು. ದೇವರನ್ನು ಅರಿಯುವದೆಂದರೆ ಇದೇ ಎಂದು ಪ್ರವಾದಿಯು ಅಲ್ಲಿ ಹೇಳುತ್ತಾನೆ. ಸುರುಳಿಯನ್ನು ಕೇಳಿ ತಿರುಗಿಕೊಂಡಿದ್ದರೆ ಅರಸನು ಆ ಕೂಲಿಯನ್ನು ಎಣಿಸಿ ಕೊಡಬೇಕಾಗುತ್ತಿತ್ತು. ಹಟಮಾರಿತನದ ಬೇರು ಅನೇಕ ಸಾರಿ ಇಲ್ಲಿಯೇ ಇರುತ್ತದೆ. ವಾಕ್ಯವು ಅರ್ಥವಾಗಲಿಲ್ಲವೆಂದು ಹೇಳುವೆವು. ನಿಜವಾಗಿ ಅದು ಚೆನ್ನಾಗಿ ಅರ್ಥವಾಗಿದೆ, ಅದರಂತೆ ನಡೆದರೆ ಕೈಬಿಡಬೇಕಾದದ್ದು ಏನೆಂಬದೂ ಗೊತ್ತಾಗಿದೆ.

ಸುಟ್ಟ ಮೇಲೆ ಅರಸನು ಬಾರೂಕನನ್ನೂ ಯೆರೆಮೀಯನನ್ನೂ ಹಿಡಿಯಲು ಆಜ್ಞಾಪಿಸಿದನು. ವಾಕ್ಯದ ಮೇಲಿನ ಸಿಟ್ಟು ವಾಕ್ಯವನ್ನು ತಂದವನ ಮೇಲೆ ತಿರುಗುವದು ಹಳೆಯ ವಾಡಿಕೆ. ಉಪದೇಶಿಯು ನನ್ನನ್ನೇ ಉದ್ದೇಶಿಸಿ ಹೇಳಿದನೆಂದು ಎಷ್ಟು ಜನರು ಆರಾಧನೆಗೆ ಬರುವದನ್ನು ಬಿಟ್ಟಿದ್ದಾರೆ! ಕನ್ನಡಿಯನ್ನು ಒಡೆದರೆ ಮುಖದ ಮಸಿ ಹೋಗುವದೋ? ದೇವರು ತನ್ನ ಸೇವಕರನ್ನು ಮರೆಮಾಡಿದನು. ಮತ್ತೊಂದು ಸುರುಳಿಯನ್ನು ಬರೆಯಿಸಿದನು. ಮೊದಲಿದ್ದ ಮಾತುಗಳೆಲ್ಲಾ ಅದರಲ್ಲಿ ಬಂದವು, ಇನ್ನೂ ಅನೇಕ ಮಾತುಗಳು ಕೂಡಿದವು. ಅರಸನು ಸುಟ್ಟದ್ದನ್ನು ನಾವು ಈ ಹೊತ್ತು ನಮ್ಮ ಸ್ವಂತ ಭಾಷೆಯಲ್ಲಿ ಓದುತ್ತಿದ್ದೇವೆ. ಬೆಂಕಿಯಿಂದ ವಾಕ್ಯಕ್ಕೆ ನಷ್ಟವಾಗಲಿಲ್ಲ, ಅರಸನಿಗೇ ನಷ್ಟವಾಯಿತು. ಯಾಕಂದರೆ ಅವನು ತನ್ನ ಕ್ಷಮೆಯ ಪತ್ರವನ್ನು ತನ್ನ ಕೈಯಿಂದಲೇ ಸುಟ್ಟನು. ಅವನು ಸತ್ತ ಕೆಲವು ತಿಂಗಳಲ್ಲಿ, ಕ್ರಿಸ್ತಪೂರ್ವ ೫೯೭ರಲ್ಲಿ, ಯೆರೂಸಲೇಮು ನೆಬೂಕದ್ನೆಚ್ಚರನ ವಶವಾಯಿತು. ಅವನ ಮಗನು ಸೆರೆಹೋದನು. ಅದಾದ ಹನ್ನೊಂದು ವರ್ಷಗಳಿಗೆ ಪಟ್ಟಣಕ್ಕೂ ದೇವಾಲಯಕ್ಕೂ ಬೆಂಕಿ ಬಿತ್ತು.

ಆ ಬೆಂಕಿಯ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಬೇಕು. ೧೯೮೨ರಲ್ಲಿ ಯೆರೂಸಲೇಮಿನ ಹಳೆಯ ದಾವೀದನ ಪಟ್ಟಣದ ಸ್ಥಳವನ್ನು ಅಗೆದವರಿಗೆ, ಸುಟ್ಟುಹೋದ ಒಂದು ಮನೆಯಲ್ಲಿ ಪತ್ರಗಳಿಗೆ ಒತ್ತುತ್ತಿದ್ದ ಮಣ್ಣಿನ ಮುದ್ರೆಗಳು ಸುಮಾರು ಐವತ್ತು ಸಿಕ್ಕಿದವು. ಪತ್ರಗಳು ಬೂದಿಯಾಗಿದ್ದವು, ಹಸಿಮಣ್ಣಿನ ಮುದ್ರೆಗಳು ಆ ಉರಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದಿದ್ದವು. ಅವುಗಳಲ್ಲಿ ಒಂದರ ಮೇಲೆ ಶಾಫಾನನ ಮಗನಾದ ಗೆಮರ್ಯನ ಹೆಸರುಂಟು. ಸುರುಳಿಯನ್ನು ಸುಡಬೇಡವೆಂದು ಬೇಡಿಕೊಂಡವನೇ ಇವನೆಂದು ಅನೇಕ ಪಂಡಿತರು ಹೇಳುತ್ತಾರೆ. ತಂದೆಯು ಯೋಷೀಯನ ಮುಂದೆ ಗ್ರಂಥವನ್ನು ಓದಿದನು. ಮಗನು ಸುರುಳಿಗಾಗಿ ಬೇಡಿಕೊಂಡನು. ಮೊಮ್ಮಗನು ಕೇಳಿದ್ದನ್ನು ಓಡಿಹೋಗಿ ತಿಳಿಸಿದನು. ಒಂದು ಮನೆಯಲ್ಲಿ ಮೂರು ತಲೆಮಾರು ವಾಕ್ಯಕ್ಕೆ ಅಂಜಿದರು. ಅರಮನೆಯಲ್ಲಿ ಎರಡನೆಯ ತಲೆಮಾರೇ ಕೆಟ್ಟುಹೋಯಿತು. ನಮ್ಮ ಮನೆಯು ಇವೆರಡರಲ್ಲಿ ಯಾವದರಂತೆ ಆಗುವದು? ತಾಯಿತಂದೆಗಳೇ, ಇದನ್ನು ಕುರಿತು ಪ್ರಾರ್ಥಿಸಿರಿ.

ಕಠಿಣನಾದವನಿಗೆ ಇನ್ನು ನಿರೀಕ್ಷೆಯೇ ಇಲ್ಲವೋ ಎಂದು ಯಾರಾದರೂ ಅಳುಕಿದರೆ, ಎಲ್ನಾಥಾನನನ್ನು ನೋಡಲಿ. ೨೬ನೆಯ ಅಧ್ಯಾಯದಲ್ಲಿ ಇದೇ ಎಲ್ನಾಥಾನನು ಅರಸನ ಮಾತಿನಂತೆ ಐಗುಪ್ತಕ್ಕೆ ಹೋದನು. ಅಲ್ಲಿಗೆ ಓಡಿಹೋಗಿದ್ದ ಊರೀಯನೆಂಬ ಪ್ರವಾದಿಯನ್ನು ಅವನ ಗುಂಪು ಹಿಡಿದು ತಂದಿತು; ಅರಸನು ಪ್ರವಾದಿಯನ್ನು ಕತ್ತಿಯಿಂದ ಕೊಲ್ಲಿಸಿದನು. ಅಂಥವನೇ ಈಗ ಸುರುಳಿಯನ್ನು ಕೇಳಿ ಹೆದರಿ, ಅರಸನ ಮುಂದೆ ನಿಂತು ಸುಡಬೇಡವೆಂದು ಬೇಡಿಕೊಳ್ಳುತ್ತಾನೆ. ಅವನ ಅಂತ್ಯವೇನಾಯಿತೆಂದು ಬರೆದಿಲ್ಲ. ಆದರೆ ರಕ್ತಕ್ಕೆ ಕೈಹಾಕಿದವನ ಹೃದಯವೂ ವಾಕ್ಯದಿಂದ ಅಲುಗಬಹುದೆಂಬದು ಸ್ಪಷ್ಟ. ಅಲುಗಿದ ಹೃದಯವನ್ನು ತಡಮಾಡದೆ ದೇವರಿಗೆ ಒಪ್ಪಿಸಬೇಕು. ಮಳೆ ಬಿದ್ದಾಗ ಉಳದೆ ಬಿಟ್ಟ ಎರೆಭೂಮಿಯು ಬಿಸಿಲಿಗೆ ಹೇಗೆ ಬಿರಿದು ಗಟ್ಟಿಯಾಗುವದೆಂದು ರೈತರಾದ ನಿಮಗೆ ನಾವು ಕಲಿಸಬೇಕಾಗಿಲ್ಲ.

ಆದದರಿಂದ ಪ್ರಿಯರೇ, ಬರುವ ಭಾನುವಾರ ವಾಕ್ಯವನ್ನು ಕೇಳುವಾಗ ಯಾವ ಮಾತು ಚುಚ್ಚುವದೋ ಅದೇ ನಮ್ಮ ಹೆಸರಿಗೆ ಬಂದ ಪತ್ರವೆಂದು ಎಣಿಸೋಣ. ಚೂರಿಯನ್ನು ಕೆಳಗಿಡೋಣ. ಕೂಲಿ ಉಳಿಸಿಕೊಂಡಿದ್ದರೆ ಆ ಸಂಜೆಯೊಳಗೆ ಕೊಡೋಣ. ಸಹೋದರನ ಸಂಗಡ ಮಾತುಬಿಟ್ಟಿದ್ದರೆ, ಅವನು ಮೊದಲು ಬರಲೆಂದು ಕಾಯದೆ ಅವನ ಅಂಗಳಕ್ಕೆ ನಾವೇ ಹೋಗೋಣ. ನಮ್ಮ ಅಪರಾಧದ ಪತ್ರವನ್ನು ತನ್ನ ಶಿಲುಬೆಯಲ್ಲಿ ಇಲ್ಲದಂತೆ ಮಾಡಿದ ಕರ್ತನು, ಬಗ್ಗಿದ ಮನಸ್ಸಿನಿಂದ ಬರುವ ಯಾರನ್ನೂ ತಳ್ಳಿಬಿಡುವದಿಲ್ಲ. ಕಲ್ಲಾದ ಹೃದಯವನ್ನು ತೆಗೆದು ಮೃದುವಾದ ಹೃದಯವನ್ನು ಕೊಡುವ ಆತನ ಕೃಪೆಯು ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ. ಆಮೆನ್.