ಕುಡುಗೋಲಿಗೆ ಹತ್ತಿದ ಕೆಂಪು

ಸೋಡಿಯಂ ಚಾಕುವಿಗೆ ಬೆಣ್ಣೆಯ ಹಾಗೆ ಸಿಗುತ್ತದೆ; ನೀರು ಸೋಕಿದರೆ ಸಿಡಿಯುತ್ತದೆ. ಸೀಮೆಎಣ್ಣೆಯಲ್ಲಿ ಮುಳುಗಿಸಿ ಕಾಯಬೇಕಾದ ಅದೇ ಲೋಹ, ಒಂದು ಎಲೆಕ್ಟ್ರಾನ್ ಕೊಟ್ಟ ಮೇಲೆ, ನಮ್ಮ ಉಪ್ಪಿನ ಮರಿಗೆಯಲ್ಲಿ ವರ್ಷಗಟ್ಟಲೆ ತಣ್ಣಗಿರುತ್ತದೆ.

*

ಪಾಠಪುಸ್ತಕ ‘ಕ್ರಿಯಾಶೀಲತೆ’ ಎನ್ನುವುದನ್ನು ನಾನು ಕೊಡುಗೈತನ ಎಂದು ಓದಿಕೊಳ್ಳುತ್ತೇನೆ. ಲೋಹಗಳ ಸಾಲಿನಲ್ಲಿ ಪೊಟ್ಯಾಸಿಯಂ ಮುಂದೆ, ಚಿನ್ನ ಕಟ್ಟಕಡೆಗೆ.

*

ಗಣಿಗಳಲ್ಲೂ ಇದೇ ಸಾಲು. ಚಿತ್ರದುರ್ಗದ ಪಕ್ಕದ ಇಂಗಳದಾಳ್ ಗಣಿಯಲ್ಲಿ ತಾಮ್ರ ಸಿಕ್ಕಿದ್ದು ಕಬ್ಬಿಣ, ಗಂಧಕಗಳ ಜೊತೆ ಬೆಸೆದುಕೊಂಡು. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ ಆಮ್ಲಜನಕವನ್ನು ಬಿಡದೆ ಹಿಡಿದಿದೆ. ಹಟ್ಟಿಯಲ್ಲಿ ಚಿನ್ನ ಕಲ್ಲಿನೊಳಗೂ ಚಿನ್ನವೇ. ಅಲ್ಯೂಮಿನಿಯಂ ಮಾತ್ರ ಅಗ್ಗವಾಗಿ ಕೈಗೆ ಬರಲು 1886ರ ವರೆಗೆ, ವಿದ್ಯುತ್ತಿನಿಂದ ಬಿಡಿಸುವ ದಾರಿ ಸಿಗುವ ತನಕ, ಕಾಯಬೇಕಾಯಿತು.

*

ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ತೋಟದಲ್ಲಿ ರೋಗ ತಡೆಯುವ ಬೋರ್ಡೋ ದ್ರಾವಣ ಕಲಸುವುದನ್ನು ನಿಂತು ನೋಡಬೇಕು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಹದ ಬಂದಿದೆಯೇ ಎಂದು ತಿಳಿಯಲು ಉಜ್ಜಿ ಹೊಳೆಸಿದ ಕುಡುಗೋಲನ್ನು ಅದ್ದಿ ತುಸು ಹೊತ್ತು ಬಿಡುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತಾಮ್ರ. ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ನೀರಿಗಿಳಿಯಿತು, ನೀರಲ್ಲಿದ್ದ ತಾಮ್ರ ಲೋಹವಾಗಿ ಅಲಗಿಗೆ ಹತ್ತಿತು. ತಾಮ್ರ ನೀರಲ್ಲಿ ಹಾಗೇ ಬಿಡಿಯಾಗಿ ಉಳಿದರೆ ಎಲೆ ಸುಡುತ್ತದೆ. ಪ್ರಯೋಗಶಾಲೆಯಿಲ್ಲದ ಶಾಲೆಯ ಮಕ್ಕಳನ್ನು ಆ ಡ್ರಮ್ಮಿನ ಬಳಿ ಕರೆದೊಯ್ಯಬೇಕೆಂದು ನನ್ನ ಆಸೆ.

*

ಅದೇ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು. ಪಾತ್ರೆಯೇ ಎಲೆಕ್ಟ್ರಾನ್ ಕೊಡುತ್ತಾ ಕೂತರೆ ರೋಗ ತಡೆಯಲು ತಾಮ್ರ ಉಳಿಯುವುದಿಲ್ಲ.

*

ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ತಿಕ್ಕಿದರೆ ಕಪ್ಪು ಹೋಗುತ್ತದೆ, ಲೋಹ ಉಳಿಯುತ್ತದೆ. ಅದೇ ಹುಳಿಯನ್ನು ರಾತ್ರಿಯಿಡೀ ಇಟ್ಟರೆ ಗಾಳಿಯ ಆಮ್ಲಜನಕವೂ ಕೂಡಿಕೊಂಡು ತಾಮ್ರವನ್ನು ಕರಗಿಸುತ್ತದೆ. ಸಾರು ಕಿಲುಬು ಹಿಡಿಯಿತು ಎಂದು ಅಜ್ಜಿಯರು ಚೆಲ್ಲುತ್ತಿದ್ದುದು ಇದನ್ನೇ. ಕಲಾಯಿಯವನು ನವಸಾಗರದ ಹೊಗೆಯಲ್ಲಿ ತವರ ಬಳಿಯುತ್ತಿದ್ದುದೂ ಇದನ್ನು ತಡೆಯಲೆಂದೇ.

*

ಅಲ್ಯೂಮಿನಿಯಂ ಸತುವಿಗಿಂತಲೂ ಚುರುಕು. ಆದರೂ ಒಲೆಯ ಮೇಲೆ ಮುದ್ದೆಯ ಪಾತ್ರೆ ಶಾಂತವಾಗಿದೆ, ಏಕೆಂದರೆ ಗಾಳಿ ಸೋಕಿದ ಕ್ಷಣವೇ ಅದು ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಹೊದ್ದಿತ್ತು. ಸುಣ್ಣದ ತಿಳಿ ಆ ಪೊರೆಯನ್ನು ಕರಗಿಸಿಬಿಡುತ್ತದೆ; ಆಗ ಗುಳ್ಳೆ ಏಳುವುದನ್ನು ನೋಡಬಹುದು. ಬರುವುದು ಜಲಜನಕ.

*

ತುಕ್ಕಿನಲ್ಲಿರುವ ಆಮ್ಲಜನಕವನ್ನು ಅಲ್ಯೂಮಿನಿಯಂ ಪುಡಿ ಕಸಿದುಕೊಳ್ಳುವಾಗ ಹುಟ್ಟುವ ಕಾವಿಗೆ ಕಬ್ಬಿಣ ನೀರಾಗುತ್ತದೆ. ರೈಲು ಹಳಿಗಳನ್ನು ಹೀಗೂ ಬೆಸೆಯುತ್ತಾರೆ.

*

ತವರ ಹಚ್ಚಿದ ಎಣ್ಣೆ ಡಬ್ಬದ ಮೇಲೆ ಗೀರು ಬಿದ್ದರೆ ಒಳಗಿನ ಕಬ್ಬಿಣ ಬೇಗ ತುಕ್ಕಾಗುತ್ತದೆ. ಅಲ್ಲಿ ಕೊಡುವ ಸರದಿ ಕಬ್ಬಿಣದ್ದು. ಸತು ಬಳಿದ ಬಕೆಟ್ಟಿಗೆ ಗೀರು ಬಿದ್ದರೆ ಸುತ್ತಲ ಸತು ಕಬ್ಬಿಣಕ್ಕಿಂತ ಮೊದಲು ತಾನು ಸವೆಯುತ್ತದೆ.

*

ಕರಗಿಸಿದ ಚಿನ್ನವನ್ನು ಸಯನೈಡಿನ ನೀರಿನಿಂದ ಹೊರತೆಗೆಯಲು ಸತುವಿನ ಪುಡಿ ಹಾಕುವ ವಿಧಾನವಿದೆ. ಸತು ಕರಗುತ್ತದೆ, ಚಿನ್ನ ಹೊರಬೀಳುತ್ತದೆ. ಚಿನ್ನದ ಒಡವೆಯನ್ನು ಹೊಗಳುವಾಗ ಸತುವಿನ ಹೆಸರನ್ನೂ ಒಮ್ಮೆ ಹೇಳಬೇಕೆನಿಸುತ್ತದೆ.

*

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆ ಹಳೆಯ ಕೊಳವೆಬಾವಿಯಿಂದ ಸತು ಬಳಿದ ಜಿಐ ಪೈಪು ಮೇಲೆತ್ತುವಾಗ ತಿರುಪು ಕೊರೆದ ಜಾಗವನ್ನು ನೋಡಿ. ಕೊರೆಯುವಾಗಲೇ ಅಲ್ಲಿ ಸತು ಹೋಗಿರುತ್ತದೆ. ಪಕ್ಕದ ಸತು ಎಷ್ಟು ವರ್ಷ ತಾಳಿತೋ ಅಷ್ಟು ವರ್ಷ ಕಬ್ಬಿಣ ಉಳಿದಿತ್ತು. ಈಗ ಕೈಗೆ ಹತ್ತುವುದು ಕೆಂಪು ಹುಡಿ.